ಅರ್ಥ ಹೇಳದೆ ಬಿಟ್ಟ ವಾಕ್ಯ

"ಓದು," ಎಂದಳು ಅಮ್ಮಿಯಾ.

ಸಬೀನೋಸ್ ಓದಲಿಲ್ಲ. ಮೇಣ ಬಳಿದ ಎರಡು ಹಲಗೆಗಳನ್ನು ತೊಡೆಯ ಮೇಲಿಟ್ಟುಕೊಂಡು, ಜ್ವರ ಬಂದ ಕೂಸಿನ ಬೆನ್ನು ಸವರುವಂತೆ ಸವರುತ್ತ ಕುಳಿತಿದ್ದ. ಸತ್ತನೆಂದು ಕೈಸರೈಯದ ಕ್ರೈಸ್ತ ಸಭೆ ನಾಲ್ಕು ವರ್ಷದ ಹಿಂದೆಯೇ ಅತ್ತು ಮುಗಿಸಿದ್ದ ವೇಗಲಿಪಿಕಾರ ಇವನು. ಬಂದರಿನ ಸ್ನಾನಗೃಹದ ಹಿಂದಿನ ಕೋಣೆಯಲ್ಲಿ ಬದುಕಿದ್ದಾನೆಂದು ನಿನ್ನೆ ತಿಳಿದಿತ್ತು. ಇಂದು ಬೆಳಕು ಹರಿಯುವಷ್ಟರಲ್ಲಿ ಅಮ್ಮಿಯಾ ಅವನ ಹೊಸಿಲು ದಾಟಿದ್ದಳು.

"ಓದಿದ್ರೆ ಏನಾಗುತ್ತೆ ಅಕ್ಕಾ? ಗುರುಗಳು ಎದ್ದು ಬರ್ತಾರಾ?"

"ಗುರುಗಳು ಬರಲ್ಲ. ಮಾಲ್ಖೋಸ್ ಹೋಗ್ತಾನೆ. ಇವತ್ತೋ ನಾಳೆಯೋ. ಎದೆ ಗೊರಗೊರ ಅಂತಿದೆ. ಸಾಯೋ ಮುಂಚೆ ಕರ್ತನ ರೊಟ್ಟಿ ಒಂದು ಚೂರು ಕೊಡಿ ಅಂತಾನೆ. ತಪ್ಪು ಒಪ್ಪಿಕೋ, ಕೊಡ್ತೀವಿ ಅಂತಾರೆ ಹಿರಿಯರು. ಮಾಡದ ತಪ್ಪನ್ನ ಹೆಂಗೆ ಒಪ್ಕೊಳ್ಳಲಿ ಅಂತಾನೆ ಅವನು."

"ಮೊಂಡ. ಆವಾಗ್ಲೂ ಹಂಗೇ ಇದ್ದ."

"ಮೊಂಡನೋ ನಿಜಗಾರನೋ, ಅದನ್ನ ನಿನ್ನ ಹಲಗೆ ಹೇಳ್ಬೇಕು."

ತಪ್ಪು ಸಣ್ಣದಾಗಿರಲಿಲ್ಲ. ಊರಿನವರೆಲ್ಲ ಸಾಮ್ರಾಜ್ಯದ ದೇವರುಗಳ ಬಲಿಪೀಠದ ಮುಂದೆ ಧೂಪ ಹಾಕಿ, ಹಾಕಿದ್ದಕ್ಕೆ ಚೀಟಿ ಪಡೆಯಬೇಕೆಂದು ಚಕ್ರವರ್ತಿಯ ಆಜ್ಞೆ ಬಂದ ಚಳಿಗಾಲ ಅದು. ಸಭೆಯವರಿಗೆ ಅದು ಕರ್ತನಿಗೆ ಎರಡು ಬಗೆದಂತೆ. ಗುರು ಅಖೋಲಿಯೋಸರು ಕರ್ಮೆಲ್ ಬೆಟ್ಟದ ಬುಡದಲ್ಲಿ, ದ್ರಾಕ್ಷಿ ತುಳಿಯುವ ಒಂದು ಹಾಳು ಆಲೆಯಲ್ಲಿ ಅಡಗಿದ್ದರು. ಜಾಗ ಬಲ್ಲವರು ನಾಲ್ವರೇ. ಗುರುಗಳ ಪಾಠವನ್ನು ಬರೆದುಕೊಳ್ಳುವ ಸಬೀನೋಸ್. ಅವನು ಓದಿ ಹೇಳಿದ್ದನ್ನು ದುಂಡಕ್ಷರದಲ್ಲಿ ಪ್ರತಿ ಮಾಡುವ ಅಮ್ಮಿಯಾ. ಗಾಡಿಯಲ್ಲಿ ಬುತ್ತಿ ಒಯ್ಯುವ ಬಣ್ಣಗಾರ ಮಾಲ್ಖೋಸ್. ಆಗ ಸಭೆಯ ಸೇವಕನಾಗಿದ್ದು ಈಗ ಹಿರಿಯನಾಗಿರುವ ಹೆರ್ಮಿಯಾಸ್.

ಒಂದು ದಿನ ಸೈನಿಕರು ನೆಟ್ಟಗೆ ಆಲೆಗೇ ಬಂದರು. ಮುಖಕ್ಕೆ ಮುಸುಕು ಎಳೆದುಕೊಂಡ ಒಬ್ಬ ಗಂಡಸು ಅವರ ಮುಂದೆ ದಾರಿ ತೋರುತ್ತ ನಡೆದದ್ದನ್ನು ಎದುರು ಗುಡ್ಡದ ಕುರುಬನೊಬ್ಬ ಕಂಡಿದ್ದ. ಅಂದು ಮೋಡ ಕವಿದು ಸೂರ್ಯನೇ ಕಾಣದ್ದರಿಂದ ಹೊತ್ತೆಷ್ಟೆಂದು ಅವನು ಹೇಳಲಾರದೆ ಹೋದ. ಗುರುಗಳು ಸೆರೆಮನೆಯಲ್ಲೇ ಕಣ್ಣು ಮುಚ್ಚಿದರು.

ಆ ಮುಸುಕಿನವನು ಮಾಲ್ಖೋಸನೆಂದು ತೋರಿಸಿಕೊಟ್ಟವರು ಯಾರು? ಬೇರೆ ಯಾರೂ ಅಲ್ಲ, ಅಮ್ಮಿಯಾಳೇ.

ಆಲೆಯ ನೆಲದಲ್ಲಿ ಒಂದು ಹಲಗೆ ಬಿದ್ದಿತ್ತು. ಗುರುಗಳ ವ್ಯಾಖ್ಯಾನವನ್ನು ವೇಗಲಿಪಿಯ ಕೊಕ್ಕೆಗೆರೆಗಳಲ್ಲಿ ಹಿಡಿದಿಡುತ್ತಿದ್ದ ಸಬೀನೋಸ್, ಪ್ರವಾದಿಯ ಮಾತನ್ನು ಮಾತ್ರ ಭಕ್ತಿಯಿಂದ ಪೂರ್ಣ ಅಕ್ಷರಗಳಲ್ಲಿ ಬರೆಯುತ್ತಿದ್ದ. ಆ ಹಲಗೆಯ ತುದಿಯಲ್ಲಿ ಪ್ರವಾದಿ ಯೆಶಾಯನ ಒಂದು ಪ್ರಶ್ನೆಯಿತ್ತು. ಎದೋಮಿನ ಕಡೆಯಿಂದ, ದ್ರಾಕ್ಷಿ ತುಳಿದವನಂತೆ ಬಟ್ಟೆಯೆಲ್ಲ ಕೆಂಪಾಗಿ ಬರುತ್ತಿರುವವನು ಯಾರು ಎಂಬ ಪ್ರಶ್ನೆ. ಬರಹ ಅಲ್ಲಿಗೆ ನಿಂತಿತ್ತು. ಕೆಳಗೆ ಅರ್ಥವಿರಲಿಲ್ಲ.

ಅಖೋಲಿಯೋಸರು ಪ್ರವಾದಿಯ ಒಂದು ಮಾತನ್ನೂ ಅರ್ಥ ಬಿಡಿಸದೆ ಬಿಟ್ಟವರಲ್ಲ. ಹಿಬ್ರಿಯರ ಪ್ರವಾದಿಗಳ ನುಡಿ ಸಿಪ್ಪೆ ಮುಚ್ಚಿದ ತೆನೆ, ಅಂಗೈಯಲ್ಲಿಟ್ಟು ಉಜ್ಜಿದರೆ ಕ್ರಿಸ್ತನೆಂಬ ಕಾಳು ಉದುರುತ್ತದೆ ಎನ್ನುವರು. ನೀರು ಕೊಟ್ಟ ಬಂಡೆ ಅವನೇ. ಕಿಟಕಿಗೆ ಕಟ್ಟಿದ ಕೆಂಪು ಹಗ್ಗ ಅವನ ರಕ್ತ. ಮೂರು ದಿನದ ಮೀನಿನ ಹೊಟ್ಟೆ ಅವನ ಸಮಾಧಿ. ಅಂಥವರು ಈ ಒಂದು ವಾಕ್ಯವನ್ನು ಮಾತ್ರ ಬರಿದಾಗಿ ಬಿಟ್ಟರೇ?

ಅಂದು ಸಭೆಯ ನಡುವೆ ಎದ್ದು ನಿಂತು ಅಮ್ಮಿಯಾ ಹೇಳಿದ್ದಳು: "ಇದರ ಅರ್ಥ ಗುರುಗಳು ನಮಗೆ ಬಿಟ್ಟು ಹೋಗಿದ್ದಾರೆ. ಎದೋಮಿನ ಕಡೆಯೋನು ನಮ್ಮಲ್ಲಿ ಯಾರು? ಬಟ್ಟೆ ಕೆಂಪಾದೋನು ಯಾರು?"

ಎಲ್ಲರ ಕಣ್ಣೂ ಎದೋಮಿನ ಸೀಮೆಯಿಂದ ಬಂದು ನೆಲೆಸಿದ ಬಣ್ಣಗಾರನ ಕೆಂಪು ಕೈಗಳ ಮೇಲೆ ಬಿದ್ದಿದ್ದವು. ಅಂದಿನಿಂದ ಮಾಲ್ಖೋಸ್ ಭಾನುವಾರ ಭಾನುವಾರ ಬಾಗಿಲ ಹೊರಗೆ, ರೊಟ್ಟಿಯ ಹಕ್ಕು ಕಳೆದುಕೊಂಡು ಅಳುವವರ ಸಾಲಿನಲ್ಲಿ ನಿಂತ. ಈ ಚಳಿಗಾಲದಲ್ಲಿ ಹಾಸಿಗೆ ಹಿಡಿದ. ಬಾಗಿಲಲ್ಲಿ ಅವನ ಜಾಗ ಖಾಲಿಯಾದ ಮೇಲೆಯೇ ಅಮ್ಮಿಯಾಳ ನಿದ್ದೆ ಕೆಟ್ಟದ್ದು.

ಈ ಕತೆಯನ್ನೆಲ್ಲ ಸಬೀನೋಸ್ ಬಾಯಿ ತೆರೆದುಕೊಂಡು ಕೇಳಿದ. ಆಮೇಲೆ ನಕ್ಕ. ಆ ನಗುವಿನಲ್ಲಿ ಸಂತೋಷದ ಸೋಂಕೂ ಇರಲಿಲ್ಲ.

"ಅರ್ಥ ಬಿಟ್ಟು ಹೋದ್ರಾ? ಅಕ್ಕಾ, ಹಲಗೆ ತುಂಬಿತ್ತು."

"ಏನಂದೆ?"

"ಹಲಗೆ ತುಂಬಿತ್ತು ಅಂದೆ. ಕೆಳಗೆ ಇರುವೆ ಕೂರೋಕೂ ಜಾಗ ಇರ್ಲಿಲ್ಲ. ಅದನ್ನ ಪಕ್ಕಕ್ಕಿಟ್ಟು ಇನ್ನೊಂದು ತಗೊಂಡೆ. ನೋಡು, ಇದೇ."

ಅಮ್ಮಿಯಾ ಆ ಹಲಗೆಯ ಮೇಲೆ ಬಗ್ಗಿದಳು.

"ಹಿಂದಿನ ದಿನದ ಪಾಠ ಎಲ್ಲಿಗೆ ನಿಂತಿತ್ತು? ಪ್ರತಿ ಮಾಡಿದೋಳು ನೀನೇ ಅಲ್ವಾ?"

"ಚೀಯೋನಿನ ಮಗಳಿಗೆ ಹೇಳಿರಿ, ನಿನ್ನ ರಕ್ಷಕ ಬರ್ತಿದ್ದಾನೆ ಅನ್ನೋ ಕಡೆ."

"ಅದರ ಮುಂದಿನ ಮಾತಿಗೇ ಆ ಹಲಗೆ ತುಂಬ್ತು. ಅದಾದ ಮೇಲೆ ಬರೋ ವಾಕ್ಯ ಯಾವುದು?"

ಜ್ಞಾನಸ್ನಾನಕ್ಕೆ ಸಿದ್ಧವಾಗುವ ಮಕ್ಕಳೂ ಹೇಳಬಲ್ಲ ಉತ್ತರ ಅದು.

"ಅದೇ ಅಕ್ಕಾ, ಅದೇ ಕೆಂಪು ಬಟ್ಟೆ. ಸಾಲು ಹಿಡಿದು ಬಂತು. ಆವತ್ತಿನ ಪಾಠ ಅದು, ಅಷ್ಟೆ. ಗುರುಗಳ ಹತ್ರ ಕತ್ತೆ ಅಂದ್ರೂ ಕತ್ತೆ ಆಗಿರ್ತಿರ್ಲಿಲ್ಲ, ಒಪ್ತೀನಿ. ಒಂದಿನ ಬೇಳೆಗೆ ಉಪ್ಪಿಲ್ಲ ಅಂದ್ರು. ಏನೋ ಒಳಗುಟ್ಟು ಇರುತ್ತೆ ಅಂತ ಅದನ್ನೂ ಬರ್ಕೊಂಡು ಕೂತೆ. ಬಯ್ದ್ರು. ಸಬೀನಾ, ಬೇಳೆಗೆ ಉಪ್ಪೇ ಇಲ್ಲ ಕಣೋ ಅಂದ್ರು."

ಮನುಷ್ಯನ ಕಣ್ಣು ವಿಚಿತ್ರ. ಬಾವಿಯ ತಳದಲ್ಲಿ ನಕ್ಷತ್ರ ಹುಡುಕುತ್ತ, ಕಾಲಡಿಯ ಹಗ್ಗ ಎಡವುತ್ತದೆ. ಒಂದು ಹಲಗೆಯ ಅಂಚನ್ನು ಅಮ್ಮಿಯಾ ಗುರುವಿನ ಮೌನವೆಂದು ಓದಿದ್ದಳು.

"ಓದು," ಎಂದಳು ಮತ್ತೆ, ಈ ಸಲ ಮೆಲ್ಲಗೆ.

ಸಬೀನೋಸ್ ಕೊಕ್ಕೆಗೆರೆಗಳ ಮೇಲೆ ಬೆರಳಿಟ್ಟು ಓದಿದ. ಸತ್ತ ಗುರುವಿನ ಮಾತು ಆ ಹೊಗೆ ಹಿಡಿದ ಕೋಣೆಯಲ್ಲಿ ಎದ್ದು ನಿಂತಿತು.

"ಇದು ಸ್ವರ್ಗದ ಬಾಗಿಲು ಕಾಯುವ ದೂತರು ಕೇಳುವ ಪ್ರಶ್ನೆ. ಕರ್ತನು ಗಾಯಗೊಂಡ ಮೈಯನ್ನೇ ಬಟ್ಟೆಯಾಗಿ ತೊಟ್ಟು ಮನೆಗೆ ಮರಳಿದ. ಕೆಂಪು ಎಂದರೆ ಅವನ ಪಾಡು. ದೂತರಿಗೆ ಗುರುತು ಸಿಗಲಿಲ್ಲ. ತಮ್ಮ ಒಡೆಯನನ್ನೇ ಬಾಗಿಲಲ್ಲಿ ನಿಲ್ಲಿಸಿಕೊಂಡು, ನೀನು ಯಾರೆಂದು ಕೇಳಿದರು."

ಅಮ್ಮಿಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಳುವವಳಲ್ಲ. ಆದರೂ ಅವನು ಓದು ನಿಲ್ಲಿಸಬೇಕಾಯಿತು.

ಸಾವರಿಸಿಕೊಂಡ ಮೇಲೆ ಅವಳು ಕೇಳಿದ ಮೊದಲ ಮಾತು ಲಿಪಿಕಾರಳದೇ. "ಒಂದು ಹಲಗೆ ತುಂಬೋಕೆ ಎಷ್ಟು ಹೊತ್ತು?"

"ಒಂದು ತಾಸು. ಬೆಳಕು ಹರಿದು ಎರಡನೇ ತಾಸಿಗೆ ಪಾಠ ಶುರು. ಬಿದ್ದಿದ್ದ ಹಲಗೆ ತುಂಬಿದಾಗ ಮೂರನೇ ತಾಸು. ಆಮೇಲೆ ಈ ಎರಡು. ನಡುವೆ ಅಂಜೂರ ತಿಂದ್ರು, ಸ್ವಲ್ಪ ಕಣ್ಣು ಮುಚ್ಚಿದ್ರು. ಬೂಟುಗಾಲಿನ ಸದ್ದು ಬಂದಾಗ ನೆತ್ತಿ ಮೇಲಿನ ಹೊತ್ತು. ಗುರುಗಳು ನನ್ನನ್ನ ರಸ ಹರಿಯೋ ಕಾಲುವೆ ಒಳಗೆ ತಳ್ಳಿದ್ರು. ಈ ಎರಡು ಕಂಕುಳಲ್ಲಿತ್ತು. ತೂರ್ ಪಟ್ಟಣ ಸೇರೋವರೆಗೂ ತೆವಳಿದೆ ಅಂದ್ಕೋ."

"ನಾಲ್ಕು ವರ್ಷ ಯಾಕೋ ಬರ್ಲಿಲ್ಲ?"

"ತೂರಿನಲ್ಲಿ ನನ್ನನ್ನೂ ಹಿಡಿದ್ರು. ನಾನೂ ಧೂಪ ಹಾಕ್ದೆ." ಅವನು ಹಲಗೆಗಳನ್ನು ಅವಳ ಮಡಿಲಿಗೆ ಹಾಕಿದ. "ಓದೋಕೆ ಬೇಕಾದ್ರೆ ಹೇಳಿಕಳ್ಸು. ಬರ್ತೀನಿ. ಬಾಗಿಲ ಹೊರಗೆ ನಿಂತೇ ಓದ್ತೀನಿ."

ದಾರಿಯುದ್ದಕ್ಕೂ ಅಮ್ಮಿಯಾ ಲೆಕ್ಕ ಹಾಕಿದಳು. ಹಲಗೆಯ ಬರಹ ಅಲ್ಲಿಗೇ ನಿಂತದ್ದರಿಂದ, ಪಾಠ ಶುರುವಾದ ಸ್ವಲ್ಪದರಲ್ಲೇ, ಮೂರನೇ ತಾಸಿಗೆ ಸೈನಿಕರು ಬಂದರೆಂದು ಎಲ್ಲರೂ ನಂಬಿದ್ದರು. ಆ ಹೊತ್ತಿನಲ್ಲಿ ಮಾಲ್ಖೋಸ್ ಒಬ್ಬನೇ ಬಣ್ಣದ ಬೇರು ಕುದಿಸುತ್ತಿದ್ದ, ಸಾಕ್ಷಿ ಇರಲಿಲ್ಲ. ಮಧ್ಯಾಹ್ನಕ್ಕೆ ಅವನು ಬಂದರಿನಲ್ಲಿ ಹಡಗಿನಿಂದ ಮೂಟೆ ಇಳಿಸುತ್ತಿದ್ದದ್ದನ್ನು ನಲವತ್ತು ಹಮಾಲರು ಕಂಡಿದ್ದರು. ಸಬೀನೋಸ್ ಕಾಲುವೆಯಲ್ಲಿದ್ದ. ಅವಳು ದಿನವಿಡೀ ಐವರು ಶಿಷ್ಯೆಯರ ನಡುವೆ ಬರೆಯುತ್ತಿದ್ದಳು.

ಉಳಿದವನು ಒಬ್ಬನೇ.

*

ಸಭೆ ಕೂಡುವ ಮನೆಯ ಅಂಗಳದಲ್ಲಿ ಹಿರಿಯ ಹೆರ್ಮಿಯಾಸ್ ವಿಧವೆಯರಿಗೆ ಹಂಚುವ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದ. ಅವಳ ಮಡಿಲಿನ ಹಲಗೆ ಕಂಡು ಅವನ ಬೆರಳು ನಿಂತಿತು.

"ಸಬೀನೋಸ್ ಸಿಕ್ಕಿದ್ನಂತೆ."

"ಸಿಕ್ಕ. ಮಾಲ್ಖೋಸ್ ಅಲ್ಲ, ಹೆರ್ಮಿಯಾಸ್. ಸೈನಿಕರು ಬಂದದ್ದು ಮಧ್ಯಾಹ್ನ." ಹಲಗೆಗಳ ಲೆಕ್ಕವನ್ನೆಲ್ಲ ಅವಳು ನಿಂತೇ ಒಪ್ಪಿಸಿದಳು.

ಅವನು ಬೇಳೆಯ ಮೊರ ಕೆಳಗಿಟ್ಟ. "ಕೆಂಪು ಬಟ್ಟೆಯ ಅರ್ಥ ಹೇಳಿದೋಳು ನೀನು ಅಕ್ಕಾ. ನಾನಲ್ಲ."

"ಹೌದು. ಅದಕ್ಕೆ ಉತ್ತರ ನಾನು ಕೊಡೋ ಕಡೆ ಕೊಡ್ತೀನಿ. ಈಗ ನೀನು ಕೊಡು. ಆವತ್ತು ಬೆಳಿಗ್ಗೆ ನೀನು ಮುದುಕಿಯೊಬ್ಬಳ ಮಣ್ಣಿಗೆ ಹೋಗಿದ್ದೆ, ಊರೇ ಬಲ್ಲದು. ಮಧ್ಯಾಹ್ನ?"

"ನನ್ನನ್ನ ಅನುಮಾನಿಸ್ತೀಯಾ?"

"ನಾಲ್ಕರಲ್ಲಿ ಮೂರು ಕಳೆದ್ರೆ ಒಂದು. ಅನುಮಾನ ಅಲ್ಲ ಅದು."

"ಈ ಮನೆಯ ಒಳಗೆ ನಿಂತು ಹಂಗೆ ಕೇಳೋಕೆ ನಿನಗೆ ನಾಚಿಕೆ ಆಗಲ್ವಾ?"

"ಆಗುತ್ತೆ. ನಾಲ್ಕು ವರ್ಷ ಮುಂಚೆ ಆಗ್ಬೇಕಿತ್ತು. ಮಧ್ಯಾಹ್ನ ಎಲ್ಲಿದ್ದೆ?"

ಹೆರ್ಮಿಯಾಸ್ ಎದ್ದು ಒಳಗೆ ಹೋದ. ಪೆಟ್ಟಿಗೆಯ ಮುಚ್ಚಳದ ಸದ್ದಾಯಿತು. ಹಿಂದಿರುಗಿದಾಗ ಅವನ ಕೈಯಲ್ಲಿ ಅಂಗೈಯಗಲದ ಒಂದು ಕಾಗದದ ಚೀಟಿಯಿತ್ತು. ಕೊಡುವಾಗ ಅವನು ಅವಳ ಮುಖ ನೋಡಲಿಲ್ಲ.

ಅಮ್ಮಿಯಾ ಓದಿದಳು. ದೇವರುಗಳ ಮುಂದೆ ಧೂಪ ಹಾಕಿದೆ, ಪಾನ ಎರೆದೆ, ಬಲಿಯ ಮಾಂಸ ತಿಂದೆ. ಕೆಳಗೆ ಅಧಿಕಾರಿಗಳಿಬ್ಬರ ರುಜು. ಅದರ ಕೆಳಗೆ ತಾರೀಖು. ಗುರುಗಳನ್ನು ಹಿಡಿದ ದಿನ.

"ಮಣ್ಣು ಮುಗಿಸಿ ಬರೋವಾಗ ದಾರೀಲಿ ಹಿಡಿದ್ರು," ಎಂದ ಹೆರ್ಮಿಯಾಸ್. "ಐದನೇ ತಾಸಿನಿಂದ ಎಂಟರವರೆಗೆ ಬಲಿಪೀಠದ ಮುಂದೆ ಸಾಲಲ್ಲಿ ನಿಂತಿದ್ದೆ. ನನ್ನ ಮುಂದೆ ನಿಂತಿದ್ದ ಬಡಗಿ ಇನ್ನೂ ಬದುಕಿದ್ದಾನೆ, ಕೇಳು. ಗುರುಗಳನ್ನ ತೋರಿಸಿಕೊಟ್ಟೋನು ನಾನಲ್ಲ. ಅದಕ್ಕೆ ನನ್ನ ಹತ್ರ ಇರೋ ಸಾಕ್ಷಿ ನನ್ನ ಪಾಪ ಒಂದೇ."

ದೂರದಲ್ಲಿ ಕಡಲು ಒಡ್ಡಿಗೆ ಬಡಿಯುವುದು ಕೇಳಿಸುತ್ತಿತ್ತು.

"ಧೂಪ ಹಾಕಿದೋರು ಎಷ್ಟು ಜನ ನಿನ್ನ ಕಾಲಿಗೆ ಬಿದ್ರು. ಅವರಿಗೆಲ್ಲ ವರ್ಷ ಎಣಿಸಿ ಎಣಿಸಿ ಶಿಕ್ಷೆ ಕೊಟ್ಟೆ."

"ಕೊಟ್ಟೆ."

"ಮಾಲ್ಖೋಸನ ಮೇಲೆ ಯಾಕೋ ಅಷ್ಟು ಬಿಗಿ ಹಿಡಿದೆ?"

"ಬಾಗಿಲ ಹೊರಗೆ ಅವನಿದ್ದಷ್ಟು ದಿನ, ಅಲ್ಲಿ ನಿಲ್ಬೇಕಾದೋನು ಇನ್ನೊಬ್ಬ ಇದ್ದಾನೆ ಅನ್ನೋದು ಯಾರಿಗೂ ತೋಚ್ತಿರ್ಲಿಲ್ಲ. ಕೆಲವು ಸಲ ನನಗೂ." ಅವನು ಬಾಗಿಲ ಕಡೆ ನೋಡಿದ. "ಒಳಗೆ ನಿಂತು ರೊಟ್ಟಿ ಮುರಿಯೋವಾಗ ಅವನ ಕೆಮ್ಮು ಕೇಳ್ತಿತ್ತು ಅಕ್ಕಾ. ಗಟ್ಟಿಯಾಗಿ ಪ್ರಾರ್ಥನೆ ಹೇಳ್ತಿದ್ದೆ, ಕೇಳಿಸದ ಹಾಗೆ."

ಅವಳು ಚೀಟಿಯನ್ನು ಹಿಂದಕ್ಕೆ ಕೊಟ್ಟಳು. ತಾನು ಹೇಳಿದ ಒಂದು ಅರ್ಥಕ್ಕೂ ಅವನು ಹೇಳದೆ ಉಳಿದ ಒಂದು ಮಾತಿಗೂ ನಡುವೆ ಸಿಕ್ಕಿ ಒಬ್ಬ ಮನುಷ್ಯ ನಾಲ್ಕು ಚಳಿಗಾಲ ಕಲ್ಲಿನ ಮೇಲೆ ನಿಂತಿದ್ದ.

"ಏಳು. ರೊಟ್ಟಿ ತಗೊಂಡು ಮಾಲ್ಖೋಸನ ಮನೆಗೆ ಹೋಗೋಣ. ಅವನದ್ದು ತಪ್ಪಿಲ್ಲ ಅಂತ ಹೇಳೋಣ."

"ಹೋಗೋದಂತೂ ಇದೆ." ಹೆರ್ಮಿಯಾಸ್ ಮೊರದ ಬೇಳೆಯನ್ನೇ ನೋಡುತ್ತಿದ್ದ. "ಬೆಳಿಗ್ಗೆ ಅವನ ಹೆಂಡತಿ ಬಂದಿದ್ಲು. ಒಂಬತ್ತನೇ ತಾಸಿಗೆ ಇಬ್ಬರು ಸಾಕ್ಷಿಗಳನ್ನ ಕರ್ಕೊಂಡು ಬರ್ಬೇಕಂತೆ. ಮಾಲ್ಖೋಸ್ ತಪ್ಪು ಒಪ್ಕೊಳ್ತಾನಂತೆ."

*

ಬಣ್ಣಗಾರರ ಓಣಿಯಲ್ಲಿ ಹುಳಿತ ತೊಟ್ಟಿಗಳ ವಾಸನೆಗೆ ನೊಣವೂ ಹಿಂದೆ ಮುಂದೆ ನೋಡುತ್ತದೆ. ಅಮ್ಮಿಯಾ ಆ ಓಣಿಯನ್ನು ಅರ್ಧ ನಡೆದು ಅರ್ಧ ಓಡಿ ದಾಟಿದಳು. ಮಾಲ್ಖೋಸನ ಹೆಂಡತಿ ಬಬಥಾ ಬಾಗಿಲಿಗೆ ಅಡ್ಡ ನಿಂತಳು.

"ಬಂದ್ಯಾ ತಾಯಿ, ಅರ್ಥ ಹೇಳೋಳು! ಈಗ ಯಾವ ಪ್ರವಾದಿನ ಕರ್ಕೊಂಡು ಬಂದೆ? ಇನ್ನೇನು ಉಳಿದಿದೆ ನಮ್ಮ ಮನೇಲಿ, ಅವನ ಉಸಿರೊಂದು ಬಿಟ್ಟು?"

"ಬಬಥಾ, ಅವನು ಮಾಡಿಲ್ಲ. ನನಗೆ ಗೊತ್ತಾಯ್ತು."

"ನನಗೆ ನಾಲ್ಕು ವರ್ಷದಿಂದ ಗೊತ್ತು. ನನ್ನನ್ನ ಯಾರೂ ಕೇಳ್ಲಿಲ್ಲ."

"ಒಳಗೆ ಬಿಡೇ ಅವಳನ್ನ," ಎಂದಿತು ಒಳಗಿನಿಂದ ಒಂದು ದನಿ. ಅದಕ್ಕಿಂತ ಅದರ ಹಿಂದಿನ ಗೊರಗೊರ ಸದ್ದೇ ದೊಡ್ಡದಾಗಿತ್ತು.

ಕೆಂಡದ ಒಲೆಯ ಪಕ್ಕ ಚಾಪೆಯ ಮೇಲೆ ಮಾಲ್ಖೋಸ್ ಒರಗಿದ್ದ. ಮೈಯಲ್ಲಿ ಬಣ್ಣ ಉಳಿದದ್ದು ಕೈಗಳಲ್ಲಿ ಮಾತ್ರ. ಅಮ್ಮಿಯಾ ಅವನ ಕಾಲ ಬಳಿ ಕುಳಿತು ಎಲ್ಲವನ್ನೂ ಹೇಳಿದಳು. ಹಲಗೆ ತುಂಬಿದ್ದು, ವಾಕ್ಯ ಸಾಲು ಹಿಡಿದು ಬಂದದ್ದು, ನೆತ್ತಿ ಮೇಲಿನ ಹೊತ್ತು. "ನಾನು ನಿನ್ನನ್ನ ತಪ್ಪು ಓದಿದೆ ಮಾಲ್ಖೋಸ್," ಎಂದಳು. "ನನ್ನನ್ನ ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ. ಆದ್ರೆ ನೀನು ಒಪ್ಕೊಳ್ಳೋ ಅಗತ್ಯ ಇನ್ನಿಲ್ಲ."

ಅವನು ನಕ್ಕ. "ಅಯ್ಯೋ ಅಕ್ಕಾ. ನೀನು ನಿಜ ಹುಡುಕ್ತಾ ಇಲ್ಲಿಗೆ ಬರಬಾರದು ಅಂತಾನೇ, ಸಬೀನೋಸ್ ಸಿಕ್ಕ ಅಂತ ಕೇಳಿದ ಕೂಡ್ಲೆ ಒಪ್ಕೊಳ್ಳೋಕೆ ಹೊರಟೆ."

"ಏನು ಹಂಗಂದ್ರೆ?"

ಅವನು ಹೆಂಡತಿಯ ಕಡೆ ನೋಡಿದ. ಬಬಥಾ ತುಟಿ ಕಚ್ಚಿಕೊಂಡು, ಚಾಪೆಯ ತಲೆಭಾಗ ಎತ್ತಿ, ಮಡಿಸಿ ಮಾಸಿದ ಹಾಳೆಗಳ ಒಂದು ಕಟ್ಟನ್ನು ತೆಗೆದು ಅಮ್ಮಿಯಾಳ ಕಡೆ ಎಸೆದಳು.

"ಆ ಚಳಿಗಾಲ ಕಳೆದ ವಸಂತದಲ್ಲಿ ಒಬ್ಬ ಸೈನಿಕ ನಿಲುವಂಗಿಗೆ ಮತ್ತೆ ಬಣ್ಣ ಹಾಕು ಅಂತ ತಂದ," ಎಂದ ಮಾಲ್ಖೋಸ್. "ಒಳಮಡಿಕೆ ಬಿಚ್ಚಿದೆ. ಇದು ಬಿತ್ತು. ನನಗೆ ಓದು ಅಷ್ಟಕ್ಕಷ್ಟೆ. ಊರ ಹೆಸರು ಓದೋಕೆ ಬರುತ್ತೆ. ನಿನ್ನ ಹೆಸರೂ ಬರುತ್ತೆ."

ಅಮ್ಮಿಯಾಳಿಗೆ ಕಟ್ಟಿನ ಗುರುತು ಸಿಕ್ಕಿತು. ಗುರುಗಳು ಅಡಗಿದ ಮೇಲೆ ಅವಳು ಮಾಡಿದ ಮೊದಲ ಪ್ರತಿ. ಯೊಪ್ಪದ ಸಭೆಗೆ ಕಳಿಸಿದ್ದು ದಾರಿಯಲ್ಲೇ ಕಳುವಾಗಿತ್ತು. ಕೈಸರೈಯದಲ್ಲಿ ಅದನ್ನು ಯಾರೂ ಓದಿರಲಿಲ್ಲ. ಅವಸರದಲ್ಲಿ, ಅಡಿಯ ಎರಡು ಸಾಲು ಇಲ್ಲದೆ, ಮತ್ತೊಂದು ಬರೆದು ಕಳಿಸಿದ್ದಳು.

ಕೊನೆಯ ಹಾಳೆ ತಿರುವಿದಳು. ಪ್ರತಿ ಮುಗಿದಾಗ ಅಡಿಯಲ್ಲಿ ಎರಡು ಸಾಲು ಬರೆಯುವುದು ಲಿಪಿಕಾರರ ವಾಡಿಕೆ. ಯಾರ ಬಾಯಿಂದ ಬಂತು, ಎಲ್ಲಿ ಕೇಳಿದ್ದು, ಯಾರ ಕೈ ಬರೆಯಿತು. ಮೂವತ್ತು ವರ್ಷ ಬರೆದ ಕೈ, ಮನಸ್ಸನ್ನು ಕೇಳದೆ ಅದನ್ನು ಬರೆದಿತ್ತು. ಅಡಗುತಾಣದ ಹೆಸರು, ಅವಳದೇ ದುಂಡಕ್ಷರದಲ್ಲಿ, ಒಂದು ಚುಕ್ಕೆಯೂ ತಪ್ಪದೆ. ಆ ಸಾಲಿನ ಕೆಳಗೆ ಯಾರೋ ಉಗುರಿನಿಂದ ಗೀರಿದ್ದರು.

ಜಾಗ ಬಲ್ಲವರು ನಾಲ್ವರಲ್ಲ. ಎಂದೂ ನಾಲ್ವರಾಗಿರಲಿಲ್ಲ.

"ಇದನ್ನ ತೋರಿಸಿದ್ರೆ ನೀನು ಒಳಗೆ ಬರ್ತಿದ್ದೆ," ಎಂದಳು. ತನ್ನ ದನಿ ತನಗೇ ಬೇರೆಯವರದೆನಿಸಿತು. "ಮೂರೂವರೆ ವರ್ಷದ ಹಿಂದೆಯೇ."

"ನೀನು ಹೊರಗೆ ಹೋಗ್ತಿದ್ದೆ. ಗುರುಗಳ ಪಾಠ ಅರ್ಧಕ್ಕೇ ನಿಲ್ತಿತ್ತು. ಆ ಕೈಬರಹ ಇನ್ಯಾರಿಗೆ ಬರುತ್ತೆ? ನನ್ನ ಕೈ ನಿಂತ್ರೆ ಏನಾಗುತ್ತೆ ಹೇಳು. ಬಟ್ಟೆ ಯಾರು ಬೇಕಾದ್ರೂ ಅದ್ದುತ್ತಾರೆ."

ಉಣ್ಣೆ ಕತ್ತರಿಸುವವರ ಮುಂದೆ ಬಾಯಿ ತೆರೆಯದ ಕುರಿಯ ಮಾತು ಅದೇ ಪ್ರವಾದಿಯಲ್ಲಿದೆ. ಅದರ ವ್ಯಾಖ್ಯಾನವನ್ನು ಅಮ್ಮಿಯಾ ಆ ನಾಲ್ಕು ವರ್ಷಗಳಲ್ಲಿ ಮೂರು ಸಲ ಪ್ರತಿ ಮಾಡಿದ್ದಳು. ಬರೆದ ಮಸಿ ಆರಲೆಂದು ಕಿಟಕಿಗೆ ಹಿಡಿದಾಗ, ಕೆಳಗೆ ಬಾಗಿಲ ಬಳಿ ಅವನು ನಿಂತಿರುವುದು ಕಾಣುತ್ತಿತ್ತು.

"ಸುಳ್ಳು ಹೇಳಿ ರೊಟ್ಟಿ ತಿಂತೀಯಾ?"

"ಅದನ್ನ ರೊಟ್ಟಿಯ ಒಡೆಯನ ಹತ್ರ ನಾನೇ ಮಾತಾಡ್ಕೋತೀನಿ. ಇವತ್ತೇ ಸಿಗ್ತಾನಲ್ಲ." ಕೆಮ್ಮು ಅವನನ್ನು ಅಲುಗಾಡಿಸಿ ಬಿಟ್ಟಿತು. "ಒಲೆ ಪಕ್ಕದಲ್ಲೇ ಇದೆ ಅಕ್ಕಾ. ಹಾಕ್ಬಿಡು."

ಕೆಂಡ ಅವಳ ಮೊಣಕೈಗೆ ತಾಗುವಷ್ಟು ಹತ್ತಿರವಿತ್ತು. ಅವಳ ಕೈ ಮೇಲೆದ್ದಿತು, ಇಳಿಯಿತು.

ಬಾಗಿಲು ಕತ್ತಲಾಯಿತು. ಬಿಳಿ ಬಟ್ಟೆಯಲ್ಲಿ ರೊಟ್ಟಿ ಹಿಡಿದು ಹೆರ್ಮಿಯಾಸ್ ಬಂದಿದ್ದ. ಅವನ ಹಿಂದೆ ಸಾಕ್ಷಿಗಳಿಬ್ಬರು. ಒಬ್ಬ ಸಭೆಗೆ ರೊಟ್ಟಿ ಸುಡುವ ಮುದುಕ. ಇನ್ನೊಬ್ಬ ಭಾನುವಾರದಂದು ಪ್ರವಾದಿಗಳನ್ನು ಸಭೆಗೆ ಓದಿ ಕೇಳಿಸುವ ದೊಮ್ನೋಸ್. ಅವನ ಕಂಠಕ್ಕೆ ಕಲ್ಲೂ ಕಿವಿಗೊಡುತ್ತದೆಂದು ಊರು ಹೇಳುತ್ತಿತ್ತು.

"ಬಬಥಕ್ಕಾ, ನಿಮ್ಮ ಓಣಿ ದಾಟೋದ್ರಲ್ಲಿ ಮೂಗು ಅರ್ಧ ಉಳೀತು ನೋಡು," ಎಂದ ದೊಮ್ನೋಸ್ ತಗ್ಗಿದ ದನಿಯಲ್ಲಿ, ಸಾವಿನ ಮನೆಯನ್ನು ಹಗುರ ಮಾಡಲು.

ಹೆರ್ಮಿಯಾಸ್ ಮೊಣಕಾಲೂರಿದ. "ಮಾಲ್ಖೋಸ್, ಹೇಳೋದಿದ್ರೆ ಹೇಳು."

ಮಾಲ್ಖೋಸ್ ಉಸಿರು ಕೂಡಿಸಿಕೊಂಡ. ಅವನ ಮಾತು ಹೊರಡುವ ಮುಂಚೆ ಅಮ್ಮಿಯಾ ಎದ್ದು ನಿಂತಿದ್ದಳು.

"ಮೊದಲು ನಾನು ಓದ್ತೀನಿ. ಎಲ್ಲರೂ ಕೇಳಿ. ಇದು ನನ್ನ ಕೈಬರಹ."

"ಬೇಡ ಅಕ್ಕಾ," ಎಂದ ಮಾಲ್ಖೋಸ್.

ಅವಳು ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದಳು. "ಗುರು ಅಖೋಲಿಯೋಸರ ಬಾಯಿಂದ ಬಂದದ್ದು, ಪಾಪಿಯಾದ ಅಮ್ಮಿಯಾ ಬರೆದದ್ದು. ಕೇಳಿದ ಜಾಗ, ಕರ್ಮೆಲಿನ ಬುಡದಲ್ಲಿ..."

ಅಕ್ಷರ ಕಣ್ಣೀರಿನಲ್ಲಿ ಕರಗಿತು. ಅವಳ ಓದು ನಿಂತಿತು.

ಸಾಲು ನಿಲ್ಲಲಿಲ್ಲ.

"...ಮುರಿದ ಗೋಪುರದ ಕೆಳಗಿನ ಹಳೆಯ ಆಲೆ," ಎಂದಿತು ಅವಳ ಬೆನ್ನ ಹಿಂದೆ ಒಂದು ದನಿ. ಓದುವವರು ತೊದಲಿದಾಗ ಮುಂದಿನ ಮಾತು ಎತ್ತಿಕೊಡುವ ಪಳಗಿದ, ಇಂಪಾದ ದನಿ. "ಓದುವವರೇ, ನನಗಾಗಿ ಪ್ರಾರ್ಥಿಸಿ."

ಕಳುವಾದ ಪ್ರತಿಯನ್ನು ಕಣ್ಣಾರೆ ಓದದವರಿಗೆ ಆ ಸಾಲು ಗೊತ್ತಿರಲು ಸಾಧ್ಯವಿರಲಿಲ್ಲ. ತನ್ನ ಬಾಯಿಂದ ಬಂದದ್ದು ತನ್ನ ಕಿವಿಗೆ ಬೀಳಲು ದೊಮ್ನೋಸನಿಗೆ ಒಂದು ಕ್ಷಣ ಹಿಡಿಯಿತು. ಆಮೇಲೆ ಅವನ ಕೈ ತಾನಾಗಿ ತಲೆಯ ಮೇಲಿನ ವಸ್ತ್ರಕ್ಕೆ ಹೋಗಿ ಅದನ್ನು ಮುಖಕ್ಕೆ ಎಳೆದುಕೊಂಡಿತು.

ಎಲ್ಲರೂ ಅವನ ಕಡೆ ತಿರುಗಿದರು. ಮಾಲ್ಖೋಸ್ ಮಾತ್ರ ತಿರುಗಲಿಲ್ಲ. ರೊಟ್ಟಿ ಹೆರ್ಮಿಯಾಸನ ಕೈಯಲ್ಲೇ ಇತ್ತು, ಮಾಲ್ಖೋಸನ ಬಾಯಿ ಅದಕ್ಕಾಗಿ ತೆರೆದೇ ಇತ್ತು, ಮತ್ತು ಗೊರಗೊರ ಸದ್ದು ನಿಂತುಹೋಗಿತ್ತು.